ಮಗಳನ್ನು ಇಲ್ಲೇ ಶಾಲೆಗೆ ಸೇರಿಸಿದರೆ ನಂಬಿಕೆ ಕಡಿಮೆಯಾದಂತೆಯೇ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನ್ನ ಗಂಡ ಬೆಂಗಳೂರಿನ ಒಂದು ಕಂಪನಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದರು. ಕಳೆದ ನವೆಂಬರಿನಲ್ಲಿ ಒಂದು ಮೀಟಿಂಗ್ ಕರೆದು ಇಡೀ ಟೀಮನ್ನೇ ತೆಗೆದುಹಾಕಿದರು. ಬಾಡಿಗೆ, ಇಎಂಐ ಕಟ್ಟಲಾಗದೆ ಮಾರ್ಚ್‌ನಲ್ಲಿ ಹುಬ್ಬಳ್ಳಿಗೆ, ಅತ್ತೆ-ಮಾವನ ಮನೆಗೆ ಬಂದಿದ್ದೇವೆ. ಇಲ್ಲಿನ ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಒಬ್ಬ ಸೇವಕರು ‘ಕ್ರಿಸ್ಮಸ್ ಒಳಗೆ ಮೊದಲಿಗಿಂತ ದೊಡ್ಡ ಕೆಲಸ ಬೆಂಗಳೂರಿನಲ್ಲೇ ಸಿಗುತ್ತದೆ, ಕರ್ತನು ನನಗೆ ತೋರಿಸಿದ್ದಾನೆ’ ಎಂದರು. ಒಂದು ವಿಶೇಷ ಕಾಣಿಕೆ ಕೊಡಲು ಹೇಳಿದರು. ಮಗಳು ಒಂಬತ್ತನೇ ಕ್ಲಾಸ್. ಅವಳನ್ನು ಇಲ್ಲಿ ಸೇರಿಸಿದರೆ, ಗಂಡ ಇಲ್ಲಿ ಸಿಕ್ಕಿರುವ ಚಿಕ್ಕ ಸಂಬಳದ ಕೆಲಸಕ್ಕೆ ಹೋದರೆ, ಅದು ಅಪನಂಬಿಕೆಯಂತೆ. ಗಂಡ ರಾತ್ರಿಯೆಲ್ಲ ಎದ್ದೇ ಇರುತ್ತಾರೆ. ಸಭೆಗೆ ಬರುವುದನ್ನೂ ಬಿಟ್ಟಿದ್ದಾರೆ. ನಾನು ಪ್ರಾರ್ಥನೆಗೆ ಕೂತರೆ ಅಳು ಬರುತ್ತದೆ, ದೇವರ ಮೇಲೆ ಸಿಟ್ಟೂ ಬರುತ್ತದೆ. ಇಂಥ ಹೊತ್ತಿನಲ್ಲಿ ದೇವರನ್ನು ನಂಬುವುದು ಅಂದರೆ ಏನು? ಆ ಕೂಟಕ್ಕೆ ಹೋಗುವುದನ್ನು ಬಿಡಬೇಕೇ?
– ಒಬ್ಬ ಸಹೋದರಿ, ಹುಬ್ಬಳ್ಳಿ

ಉತ್ತರ: ತಂಗೀ, ಮೊದಲು ಕಾಣಿಕೆಯ ವಿಷಯ ಮುಗಿಸಿಬಿಡೋಣ. ಕೊಡಬೇಡಿ. ಸಾಲ ಮಾಡಿ ಕೊಡಬೇಡಿ, ಬಳೆ ಮಾರಿಯೂ ಕೊಡಬೇಡಿ. ಕೆಲಸ ಹೋದ ಮನೆಯಿಂದ ದುಡ್ಡು ತೆಗೆದುಕೊಂಡು ಕೆಲಸ ಕೊಡಿಸುವ ದೇವರು ನಮ್ಮ ದೇವರಲ್ಲ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಉಳಿದದ್ದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು. ನಿಮ್ಮ ಪ್ರಶ್ನೆ ಹೊಸದಲ್ಲ. ‘ಎಷ್ಟು ದಿನ ಇಲ್ಲಿರಬೇಕು? ಗಂಟು ಬಿಚ್ಚಲೋ ಬೇಡವೋ? ಬಿಚ್ಚಿದರೆ ನಂಬಿಕೆ ಹೋದಂತೆಯೋ?’ ಇದೇ ಪ್ರಶ್ನೆಯನ್ನು ಎರಡೂವರೆ ಸಾವಿರ ವರ್ಷಗಳ ಹಿಂದೆ ಒಂದು ಇಡೀ ಜನ ಕೇಳಿತ್ತು. ಅವರಿಗೆ ಬಂದ ಉತ್ತರ ಒಂದು ಕಾಗದದ ರೂಪದಲ್ಲಿ ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಉಳಿದಿದೆ. ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ. ಅದರ 11ನೇ ವಚನ ನಿಮ್ಮ ಮನೆಯ ಗೋಡೆಯ ಮೇಲೂ ಇರಬಹುದು. ನಿಮ್ಮ ವಿಷಯವಾಗಿ ನಾನು ಮಾಡುವ ಯೋಚನೆಗಳು ಹಿತದವು, ಕೇಡಿನವಲ್ಲ ಎನ್ನುವ ವಚನ. ಕ್ಯಾಲೆಂಡರಿನಲ್ಲಿ, ಮದುವೆ ಕಾರ್ಡಿನಲ್ಲಿ, ಆಟೋದ ಹಿಂದೆ ಎಲ್ಲ ಕಡೆ ಅದನ್ನು ನೋಡುತ್ತೇವೆ. ಆದರೆ ಅದು ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದ ಮಾತು ಎಂದು ಕೇಳುವವರು ಕಡಿಮೆ.

ನಡೆದದ್ದು ಹೀಗೆ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ದೊರೆ ನೆಬೂಕದ್ನೆಚ್ಚರ ಯೆಹೂದದ ರಾಜಧಾನಿ ಯೆರೂಸಲೇಮನ್ನು ಹಿಡಿದ. ಹದಿನೆಂಟು ವರ್ಷದ ಅರಸ ಯೆಕೊನ್ಯನನ್ನು, ಅವನ ತಾಯಿಯನ್ನು, ಅಧಿಕಾರಿಗಳನ್ನು, ಬಡಗಿ-ಕಮ್ಮಾರರನ್ನು ಹಿಡಿದುಕೊಂಡು ಹೋದ. ಕೈಯಲ್ಲಿ ಕಸುಬು ಇದ್ದವರನ್ನೇ ಆರಿಸಿ ಒಯ್ದರು. ಊರು ಪೂರ್ತಿ ನಾಶವಾಗಿರಲಿಲ್ಲ, ದೇವಾಲಯ ಇನ್ನೂ ನಿಂತಿತ್ತು. ಅದಕ್ಕೇ ಹೋದವರಿಗೆ ಒಂದು ಆಸೆ ಇತ್ತು: ಇದು ಸ್ವಲ್ಪ ದಿನದ ಮಾತು, ಬೇಗ ವಾಪಸ್ ಹೋಗುತ್ತೇವೆ.

ಆ ಆಸೆಗೆ ನೀರೆರೆಯುವವರೂ ಇದ್ದರು. ಅವರಲ್ಲಿ ಹನನ್ಯ ಎಂಬ ಪ್ರವಾದಿ ಒಬ್ಬ. ಯೆರೆಮೀಯ ಆಗ ಹೆಗಲ ಮೇಲೆ ಮರದ ನೊಗ ಹೊತ್ತು ಓಡಾಡುತ್ತಿದ್ದ, ಬಾಬೆಲಿನ ನೊಗದ ಕೆಳಗೆ ಇನ್ನೂ ಇರಬೇಕು ಎಂದು ತೋರಿಸುವುದಕ್ಕೆ. ಹನನ್ಯ ದೇವಾಲಯದಲ್ಲಿ ಎಲ್ಲರ ಮುಂದೆ ಅದಕ್ಕೆ ಎದುರು ಮಾತಾಡಿದ. ಎರಡು ವರ್ಷದೊಳಗೆ ಅರಸನೂ ಜನರೂ ದೇವಾಲಯದ ಪಾತ್ರೆಗಳೂ ವಾಪಸ್ ಬರುತ್ತವೆ, ದೇವರೇ ಹೇಳಿದ್ದಾರೆ ಎಂದ. ಜನರಿಗೆ ಎಷ್ಟು ಖುಷಿಯಾಗಿರಬೇಕು, ಅಲ್ವಾ?

ಅದಕ್ಕೆ ಯೆರೆಮೀಯ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಅವನು ಮೊದಲು ‘ಆಮೆನ್, ದೇವರು ಹಾಗೇ ಮಾಡಲಿ’ ಅಂದ. ಅವನಿಗೂ ಜನ ವಾಪಸ್ ಬರುವುದು ಬೇಕಿತ್ತು. ಆಮೇಲೆ ಒಂದೇ ಮಾತು ಸೇರಿಸಿದ: ಶಾಂತಿಯ ಮಾತು ಹೇಳುವ ಪ್ರವಾದಿಯನ್ನು ದೇವರೇ ಕಳಿಸಿದ್ದು ನಿಜವೋ ಅಲ್ಲವೋ ಎಂಬುದು ಆ ಮಾತು ನಡೆದಾಗ ಗೊತ್ತಾಗುತ್ತದೆ. ಹನನ್ಯ ಆ ನೊಗವನ್ನು ಕಿತ್ತು ಮುರಿದಾಗಲೂ ಜಗಳ ಆಡಲಿಲ್ಲ, ಸುಮ್ನೆ ಹೊರಟುಹೋದ. ನಿಮಗೆ ಕ್ರಿಸ್ಮಸ್ ಗಡುವು ಕೊಟ್ಟವರ ಜೊತೆ ನೀವು ನಡೆದುಕೊಳ್ಳಬೇಕಾದ ರೀತಿಯೂ ಇದೇ. ಕೆಲಸ ಸಿಗಲಿ ಎಂದು ಅವರು ಪ್ರಾರ್ಥಿಸಿದರೆ ನೀವೂ ಆಮೆನ್ ಅನ್ನಿ. ಆದರೆ ಆ ತಾರೀಖಿನ ಮೇಲೆ ಮಗಳ ಒಂದು ವರ್ಷವನ್ನು ಪಣಕ್ಕೆ ಇಡಬೇಡಿ.

ಹೀಗೆ ಕಾಯುತ್ತಿದ್ದವರಿಗೆ ಯೆರೆಮೀಯ ಕಾಗದ ಬರೆದ. ಮನೆ ಕಟ್ಟಿಕೊಂಡು ಅಲ್ಲೇ ಇರಿ. ತೋಟ ಮಾಡಿ, ಅದರ ಫಲ ತಿನ್ನಿ. ಮದುವೆ ಮಾಡಿಕೊಳ್ಳಿ, ಮಕ್ಕಳನ್ನು ಪಡೆಯಿರಿ, ಮಕ್ಕಳಿಗೂ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ಎಪ್ಪತ್ತು ವರ್ಷ ತುಂಬಿದ ಮೇಲೆ ನಾನು ನಿಮ್ಮನ್ನು ವಾಪಸ್ ಕರೆತರುತ್ತೇನೆ. ಇದಾದ ಮೇಲೆ ಬರುತ್ತದೆ ನಮ್ಮ 11ನೇ ವಚನ.

ಎಪ್ಪತ್ತು ವರ್ಷ! ಕಾಗದ ಓದಿಸಿಕೊಂಡು ಕೇಳುತ್ತಾ ಕೂತಿದ್ದ ಮೂವತ್ತು ವರ್ಷದ ಕಮ್ಮಾರನ ಪಾಲಿಗೆ ಅದರ ಅರ್ಥ ಏನು? ನೀನು ವಾಪಸ್ ಹೋಗುವುದಿಲ್ಲ, ನಿನ್ನ ಮೊಮ್ಮಕ್ಕಳು ಹೋಗಬಹುದು. ಕೇಳಿದವರಿಗೆ ಸಿಟ್ಟು ಬಂತು. ಶೆಮಾಯ ಎಂಬವನು ಬಾಬೆಲಿನಿಂದಲೇ ಯೆರೂಸಲೇಮಿನ ಯಾಜಕನಿಗೆ ದೂರು ಬರೆದ. ಈ ಯೆರೆಮೀಯ ತಡವಾಗುತ್ತದೆ, ಮನೆ ಕಟ್ಟಿಕೊಳ್ಳಿ ಅಂತೆಲ್ಲ ಬರೆಯುತ್ತಾನೆ, ಅವನ ಬಾಯಿ ಮುಚ್ಚಿಸುವುದಿಲ್ಲವೇ ಎಂದು. ಇದ್ದ ಜಾಗದಲ್ಲಿ ಬೇರೂರಿ ಎಂದು ಹೇಳಿದವನು ಅವತ್ತೂ ಅಪನಂಬಿಕಸ್ಥನೇ ಆದ.

ಈಗ ಇದನ್ನು ನಿಮ್ಮ ಮನೆಗೆ ಹೊಂದಿಸಿ ನೋಡಿ. ಹನನ್ಯ ದೇವರ ಹೆಸರಿನಲ್ಲಿ ಒಂದು ತಾರೀಖು ಕೊಟ್ಟ. ಅದನ್ನು ನಂಬಿದವನು ಗಂಟು ಬಿಚ್ಚುವುದಿಲ್ಲ, ಸಸಿ ನೆಡುವುದಿಲ್ಲ, ಮಗಳಿಗೆ ವರ ನೋಡುವುದಿಲ್ಲ. ಎರಡು ವರ್ಷ ಕಳೆದು ತಾರೀಖು ಸುಳ್ಳಾದಾಗ ಅವನಿಗೆ ಹನನ್ಯನ ಮೇಲೆ ಮಾತ್ರ ಸಿಟ್ಟು ಬರುವುದಿಲ್ಲ, ದೇವರ ಮೇಲೂ ಬರುತ್ತದೆ. ನನ್ನ ಸೇವೆಯ ಕಾಲದಲ್ಲಿ ಸಭೆ ಬಿಟ್ಟುಹೋದವರನ್ನು ನೋಡಿದ್ದೇನೆ. ಕಷ್ಟ ಬಂತು ಅಂತ ಬಿಟ್ಟವರಿಗಿಂತ, ಯಾರೋ ಕೊಟ್ಟ ತಾರೀಖು ತಪ್ಪಿಹೋಯಿತು ಅಂತ ಬಿಟ್ಟವರೇ ಜಾಸ್ತಿ. ಯೆರೆಮೀಯನ ಕಾಗದವನ್ನು ನಂಬಿದವನು ಏನು ಮಾಡುತ್ತಾನೆ? ಗುದ್ದಲಿ ಹಿಡಿಯುತ್ತಾನೆ. ಮುಂದಿನದು ದೇವರ ಕೈಯಲ್ಲಿದೆ ಎಂದು ನಿಜವಾಗಿ ನಂಬಿದವನಿಗೆ ಇವತ್ತಿನ ಕೆಲಸ ಮಾಡಲು ಪುರಸೊತ್ತು ಸಿಗುತ್ತದೆ. ನಂಬಿಕೆ ಅಂದರೆ ನನ್ನ ಮಟ್ಟಿಗೆ ಇದು.

ಇದು ಬರೀ ಬೋಧನೆಯ ಮಾತಾಗಿ ಉಳಿಯಲಿಲ್ಲ ಎನ್ನುವುದಕ್ಕೆ ಸಾಕ್ಷಿ ಮಣ್ಣಿನೊಳಗಿಂದ ಬಂದಿದೆ. ಬಾಬೆಲಿನ ಕಡೆ ಜನ ಹಸಿ ಮಣ್ಣಿನ ಹಲಗೆಯ ಮೇಲೆ ಮೊಳೆಯಾಕಾರದ ಲಿಪಿಯಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಅಂಥ ಒಂದು ದೊಡ್ಡ ಗುಂಪು 2014ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಕ್ರಿ.ಪೂ. 572ರಿಂದ 477ರವರೆಗಿನ ಹಲಗೆಗಳು. ಅವುಗಳಲ್ಲಿ ಕೆಲವು ಬರೆದ ಊರಿನ ಹೆಸರೇ ‘ಅಲ್-ಯಾಹೂದು’, ಅಂದರೆ ಯೆಹೂದದವರ ಊರು. ಸೆರೆ ಹೋದವರು ನೆಲೆನಿಂತ ಜಾಗ. ಹಲಗೆಗಳಲ್ಲಿ ಏನಿದೆ ಗೊತ್ತೇ? ಬಾರ್ಲಿಯ ಗೇಣಿ, ಖರ್ಜೂರದ ತೋಟದ ಪಾಲು, ಸಾಲಪತ್ರ, ತೆರಿಗೆ, ಮದುವೆಯ ಕರಾರು. ಅಹೀಕಾಮ್ ಎಂಬ ಒಬ್ಬನ ಮನೆಯ ಲೆಕ್ಕಪತ್ರಗಳೇ ಬಹಳಷ್ಟಿವೆ. ಹೊಲ ಮಾಡಿಸಿದ, ವ್ಯಾಪಾರ ಮಾಡಿದ. ಅವನು ತೀರಿಕೊಂಡ ಮೇಲೆ ಐದು ಜನ ಗಂಡುಮಕ್ಕಳು ಆಸ್ತಿ ಹಂಚಿಕೊಂಡ ಪತ್ರವೂ ಇದೆ. ತೋಟ ಮಾಡಿ ಎಂದು ಯೆರೆಮೀಯ ಬರೆದ, ಅವರು ಮಾಡಿದರು, ಆ ತೋಟದ ಲೆಕ್ಕ ಇವತ್ತಿಗೂ ಓದಲು ಸಿಗುತ್ತದೆ. ನನಗೆ ಮೈ ನವಿರೇಳಿಸಿದ್ದು ಇನ್ನೊಂದು. ಆ ಪತ್ರಗಳಲ್ಲಿ ಬರುವ ಎಷ್ಟೋ ಜನರ ಹೆಸರಿನೊಳಗೆ ಯೆಹೋವನ ಹೆಸರು ಸೇರಿಕೊಂಡಿದೆ. ಪರದೇಶದ ಭಾಷೆಯಲ್ಲಿ, ಪರದೇಶದ ದೊರೆಯ ವರ್ಷ ಹಾಕಿದ ಪತ್ರದಲ್ಲಿ, ದೇವಾಲಯ ಸುಟ್ಟುಹೋದ ಮೇಲೂ, ಮಕ್ಕಳಿಗೆ ಅವರು ತಮ್ಮ ದೇವರ ಹೆಸರನ್ನೇ ಇಡುತ್ತಿದ್ದರು.

ಎರಡು ವರ್ಷದಲ್ಲಿ ಬರುತ್ತಾನೆ ಎಂದು ಹನನ್ಯ ಹೇಳಿದ್ದ ಅರಸ ಯೆಕೊನ್ಯನ ಕಥೆ? ಬಾಬೆಲಿನ ಅರಮನೆಯ ಉಗ್ರಾಣದ ಲೆಕ್ಕದಲ್ಲಿ ಅವನ ಹೆಸರು ಸಿಕ್ಕಿದೆ, ಅವನಿಗೂ ಅವನ ಐದು ಮಕ್ಕಳಿಗೂ ಎಣ್ಣೆ ಅಳೆದು ಕೊಟ್ಟ ಲೆಕ್ಕ. ಸೆರೆಯಾದ 37ನೇ ವರ್ಷದಲ್ಲಿ ಅವನನ್ನು ಸೆರೆಮನೆಯಿಂದ ಬಿಡಿಸಿ ದೊರೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದರು ಎನ್ನುವಲ್ಲಿಗೆ ಅರಸುಗಳ ಎರಡನೆಯ ಪುಸ್ತಕ ಮುಗಿಯುತ್ತದೆ. ಊರಿಗೆ ಬಂದ ಎಂದು ಎಲ್ಲೂ ಇಲ್ಲ. ಕ್ರಿ.ಪೂ. 539ರಲ್ಲಿ ಪಾರಸಿಯ ದೊರೆ ಕೋರೆಷ ಬಾಬೆಲನ್ನು ಗೆದ್ದ ಮೇಲೆ ಜನರಿಗೆ ವಾಪಸ್ ಹೋಗಲು ಅಪ್ಪಣೆ ಸಿಕ್ಕಿತು. ಮಾತು ನಡೆಯಿತು. ಆದರೆ ಕೇಳಿದವರ ಕಾಲದಲ್ಲಿ ನಡೆಯಲಿಲ್ಲ.

ಆದ್ದರಿಂದ ತಂಗೀ, ನಿಮ್ಮ ಗಂಡನಿಗೆ ಬೆಂಗಳೂರಿನಲ್ಲಿ ಅಂಥದೇ ಕೆಲಸ ಮತ್ತೆ ಸಿಗುತ್ತದೆ ಎಂದು ನಾನು ಹೇಳಲಾರೆ. ಸಿಗಲಿ ಎಂದು ಪ್ರಾರ್ಥಿಸುತ್ತೇನೆ. ಮಗಳನ್ನು ಮಾತ್ರ ಈ ವಾರವೇ ಇಲ್ಲಿ ಶಾಲೆಗೆ ಸೇರಿಸಿ. ಬೆಂಗಳೂರಿನ ಶಾಲೆಯಿಂದ ಟಿಸಿ ತರಿಸಿಕೊಳ್ಳಿ. ಹತ್ತನೇ ಕ್ಲಾಸಿಗೆ ಬಂದಮೇಲೆ ಶಾಲೆ ಬದಲಿಸುವುದು ಇನ್ನೂ ಕಷ್ಟ, ಈಗ ಸೇರಿದರೆ ಎರಡು ವರ್ಷ ಒಂದೇ ಕಡೆ ಓದುತ್ತಾಳೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದರೆ ಆಗ ಯೋಚಿಸೋಣ. ಬಾಬೆಲಿನಲ್ಲಿ ಖರ್ಜೂರ ನೆಟ್ಟವರಿಗೆ ಹೊರಡುವ ದಿನ ತೋಟ ಅಡ್ಡಬರಲಿಲ್ಲ.

ಗಂಡನ ಚಿಕ್ಕ ಸಂಬಳದ ಕೆಲಸಕ್ಕೂ ಇದೇ ಮಾತು. ಹೋಗಲಿ. ಹೋಗುತ್ತಲೇ ಬೇರೆ ಕಡೆ ಅರ್ಜಿ ಹಾಕಲಿ. ಉಳಿತಾಯ ಮಾಡುವುದು ಅಪನಂಬಿಕೆ ಎನ್ನುವವರೂ ಸಿಗುತ್ತಾರೆ, ಅದಕ್ಕೆ ಮನ್ನದ, ಅಂದರೆ ದೇವರು ದಿನದಿನವೂ ಕೊಟ್ಟ ಆಹಾರದ, ಕಥೆ ತೋರಿಸುತ್ತಾರೆ. ಅರಣ್ಯದಲ್ಲಿ ನಾಳೆಗೆಂದು ಇಟ್ಟ ಮನ್ನಕ್ಕೆ ಹುಳ ಬಿದ್ದದ್ದು ನಿಜ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಯೋಸೇಫ ಮುಂದಿನ ಬರಗಾಲಕ್ಕೆಂದು ಏಳು ವರ್ಷ ಕಣಜ ತುಂಬಿಸಿದ್ದೂ ದೇವರು ತೋರಿಸಿದ ದಾರಿಯೇ. ಎರಡೂ ಒಂದೇ ಸತ್ಯವೇದದಲ್ಲಿವೆ.

ನಿಮ್ಮ ಹುಬ್ಬಳ್ಳಿಯಲ್ಲೇ ಇದಕ್ಕೆ ಸಾಕ್ಷಿಗಳಿವೆ. ಯೂರೋಪಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, ಆಮೇಲೆ ಧಾರವಾಡ-ಹುಬ್ಬಳ್ಳಿಗೆ ಬಂದರು. ಕ್ರೈಸ್ತರಾದವರಲ್ಲಿ ಹಲವರಿಗೆ ಜಾತಿಯ ಆಸರೆ ಹೋಯಿತು, ಗೇಣಿಯ ಭೂಮಿ ಹೋಯಿತು, ಕಸುಬು ಹೋಯಿತು. ಮಿಷನ್ ಬರೀ ಪ್ರಾರ್ಥನೆ ಮಾಡುತ್ತಾ ಕೂರಲಿಲ್ಲ. ಮಗ್ಗ ಹಾಕಿಸಿತು. 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಮಂಗಳೂರು ಹೆಂಚು ಅಂದರೆ ಇವತ್ತಿಗೂ ಗೊತ್ತಿಲ್ಲದವರಿಲ್ಲ. ಮತ್ತೆ 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರು ದೇಶದವರೆಂದು ಹಿಡಿದಿಟ್ಟಿತು, ಆಮೇಲೆ ದೇಶದಿಂದ ಕಳಿಸಿತು. ಕಾರ್ಖಾನೆಗಳು ಬೇರೆ ಆಡಳಿತಕ್ಕೆ ಹೋದವು. ಸಭೆಗೂ ಶಾಲೆಗೂ ಬೆನ್ನೆಲುಬಾಗಿದ್ದವರು ಇಲ್ಲವಾದರು. ಸಭೆ ಮುಚ್ಚಲಿಲ್ಲ. ಇಲ್ಲಿನ ಸಭಾಪಾಲಕರೂ ಶಿಕ್ಷಕರೂ ಜವಾಬ್ದಾರಿ ಹೊತ್ತರು. ನಿಮ್ಮ ಮಾವನವರನ್ನು ಕೇಳಿ ನೋಡಿ, ಅವರ ಹಿರಿಯರಿಂದ ಕೇಳಿದ ಒಂದೆರಡು ಸಂಗತಿ ಅವರಿಗೂ ಗೊತ್ತಿರಬಹುದು. ಮೊಮ್ಮಗಳಿಗೂ ಕೇಳಿಸಲಿ.

ಈಗ ನಿಮ್ಮ ಸಿಟ್ಟಿನ ವಿಷಯ. ಇದಕ್ಕೆ ನೀವು ಹೆದರಿದ್ದೀರಿ ಎಂದು ಕಾಗದದಲ್ಲೇ ಗೊತ್ತಾಗುತ್ತದೆ. ಹೆದರಬೇಡಿ. ಸತ್ಯವೇದದ ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳಾಟವೇ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ, ಯಾಕೆ ದೂರ ನಿಂತಿದ್ದೀ ಎಂದು ದೇವರನ್ನೇ ಕೇಳುವ ಹಾಡುಗಳು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ. ದೇವಾಲಯದಲ್ಲಿ ಹಾಡಲೆಂದೇ ಇಟ್ಟುಕೊಂಡರು. ಆ ಕಾಗದ ಬರೆದ ಯೆರೆಮೀಯನೇ 20ನೇ ಅಧ್ಯಾಯದಲ್ಲಿ ದೇವರಿಗೆ ‘ನನ್ನನ್ನು ಮರುಳುಗೊಳಿಸಿದೆ’ ಎನ್ನುತ್ತಾನೆ, ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಹಾಗೆ ಅತ್ತವನೇ ತೋಟ ಮಾಡಿ ಎಂದು ಬರೆದದ್ದು. ನಂಬಿಕೆ ಇಲ್ಲದವರು ದೇವರ ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ನೀವು ಪ್ರಾರ್ಥನೆಗೆ ಕೂತು ಅತ್ತರೆ ಆ ದಿನದ ಪ್ರಾರ್ಥನೆ ಅದೇ. ಮಾತು ಬಾರದಿದ್ದರೆ 13ನೇ ಕೀರ್ತನೆಯನ್ನು ಜೋರಾಗಿ ಓದಿ. ಆರೇ ವಚನ ಇದೆ.

ಯೆರೆಮೀಯ ಇನ್ನೊಂದು ಕೆಲಸ ಮಾಡಿದ, ಅದನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷದ ಮೇಲೆ ಬಾಬೆಲಿನ ಸೈನ್ಯ ಮತ್ತೆ ಬಂದು ಯೆರೂಸಲೇಮನ್ನು ಸುತ್ತುವರಿಯಿತು. ಯೆರೆಮೀಯ ಕಾವಲುಗಾರರ ಅಂಗಳದಲ್ಲಿ ಸೆರೆಯಲ್ಲಿದ್ದ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ನಮ್ಮೂರು ಅನಾತೋತಿನ ಹೊಲ ಕೊಂಡುಕೋ ಎಂದ. ನಾಳೆ ಯಾರ ಪಾಲಾಗುತ್ತದೋ ಗೊತ್ತಿಲ್ಲದ ಹೊಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿಕೊಟ್ಟ. ಸಾಕ್ಷಿಗಳ ಕೈಯಲ್ಲಿ ರುಜು ಹಾಕಿಸಿದ. ಮುದ್ರೆ ಹಾಕಿದ ಪತ್ರ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಉಳಿಯುವ ಹಾಗೆ ಮಣ್ಣಿನ ಮಡಕೆಯಲ್ಲಿ ಇಡು ಎಂದ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಎನ್ನುವುದಕ್ಕೆ ಅದು ಗುರುತು. ಇದೆಲ್ಲ ಮಾಡಿದ ಮೇಲೆ ಅವನು ಧೈರ್ಯವಾಗಿ ಎದ್ದು ಹೋದ ಎಂದುಕೊಳ್ಳಬೇಡಿ. ಕೂಡಲೇ ಪ್ರಾರ್ಥನೆಗೆ ನಿಂತು, ಶತ್ರು ಗೋಡೆಯ ಹತ್ತಿರ ದಿಬ್ಬ ಹಾಕಿದ್ದಾನೆ, ನೀನು ಹೊಲ ಕೊಂಡುಕೋ ಅನ್ನುತ್ತೀಯಲ್ಲ ಎಂದು ದೇವರನ್ನೇ ಕೇಳಿದ. ಪತ್ರಕ್ಕೆ ರುಜು ಹಾಕಿದ ಕೈಗೂ ನಡುಕ ಇತ್ತು ಎಂದು ಓದುವಾಗಲೆಲ್ಲ ನನಗೆ ಅನ್ನಿಸುತ್ತದೆ. ಆ ಹೊಲವನ್ನು ಅವನು ಉಳಲಿಲ್ಲ. ಊರು ಬಿದ್ದ ಮೇಲೆ ಅವನ ಜನರೇ ಅವನನ್ನು ಐಗುಪ್ತಕ್ಕೆ ಎಳೆದುಕೊಂಡು ಹೋದರು.

ನಿಮ್ಮ ಗಂಡನ ಬಗ್ಗೆ ನನಗೆ ಜಾಸ್ತಿ ಕಾಳಜಿ. ರಾತ್ರಿ ನಿದ್ದೆ ಇಲ್ಲ, ಯಾರ ಜೊತೆಯೂ ಬೆರೆಯುತ್ತಿಲ್ಲ ಎಂದರೆ ಅದನ್ನು ನಂಬಿಕೆಯ ಕೊರತೆ ಎಂದು ದಯವಿಟ್ಟು ಕರೆಯಬೇಡಿ, ಬೇರೆಯವರೂ ಅವರ ಮುಂದೆ ಹಾಗೆ ಕರೆಯಲು ಬಿಡಬೇಡಿ. ಎಲೀಯ ಅಷ್ಟು ದೊಡ್ಡ ಪ್ರವಾದಿ. ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಎಂದ. ದೇವರು ಅವನಿಗೆ ಬೋಧನೆ ಮಾಡಲಿಲ್ಲ. ಮಲಗಲು ಬಿಟ್ಟರು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದರು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು. ‘ಇಲ್ಲೇನು ಮಾಡುತ್ತಿದ್ದೀ’ ಎಂಬ ಪ್ರಶ್ನೆ ಬಂದದ್ದು ಎಷ್ಟೋ ದಿನ ಕಳೆದ ಮೇಲೆ. ನೀವೂ ಅದೇ ಕ್ರಮ ಹಿಡಿಯಿರಿ. ಬಿಸಿ ರೊಟ್ಟಿ, ಒಂದಿಷ್ಟು ನಿದ್ದೆ, ಸಾಯಂಕಾಲ ಜೊತೆಗೆ ಒಂದು ಸುತ್ತು ನಡಿಗೆ. ಸಭೆಗೆ ಬನ್ನಿ ಎಂದು ಸದ್ಯಕ್ಕೆ ಒತ್ತಾಯ ಬೇಡ.

ಜೊತೆಗೆ ಡಾಕ್ಟರನ್ನು ನೋಡಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ, ನಿಮಗೆ ಹತ್ತಿರ. ಮನೆಯಿಂದಲೇ ಮಾತಾಡಬೇಕೆಂದರೆ ಫೋನಿನಲ್ಲೇ ಮನಸ್ಸಿನ ತೊಂದರೆಗೆ ನೆರವು ಕೊಡುವ ಸರ್ಕಾರದ ಟೆಲಿ-ಮಾನಸ್ ಇದೆ, ನಂಬರ್ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕಿ ಏನು ಪ್ರಯೋಜನ ಎನ್ನುವ ಥರದ ಮಾತು ಅವರ ಬಾಯಿಂದ ಬಂದರೆ ಒಂದು ದಿನವೂ ತಡಮಾಡಬೇಡಿ, ಒಬ್ಬರನ್ನೇ ಬಿಡಬೇಡಿ. ಮಾತ್ರೆ ತೆಗೆದುಕೊಂಡರೆ ಪ್ರಾರ್ಥನೆ ಕೆಲಸ ಮಾಡಲಿಲ್ಲ ಎಂದಲ್ಲ. ಎಲೀಯನಿಗೆ ರೊಟ್ಟಿ ಕಳಿಸಿದವರೇ ಡಾಕ್ಟರಿಗೂ ಬುದ್ಧಿ ಕೊಟ್ಟಿದ್ದಾರೆ.

ಇನ್ನು ಕೂಟಕ್ಕೆ ಹೋಗಬೇಕೇ ಎಂಬ ಪ್ರಶ್ನೆ. ಆ ಸೇವಕರು ಮತ್ತೆ ಬರುವ ದಿನ ಹೋಗದಿದ್ದರೂ ನಡೆಯುತ್ತದೆ. ಅವರ ಬಗ್ಗೆ ನಿಮ್ಮ ಸಭಾಪಾಲಕರಿಗೆ ಹೇಳಿ. ನಿಮ್ಮಂತೆ ಕಾಣಿಕೆಯ ಮಾತು ಕೇಳಿಸಿಕೊಂಡವರು ಇನ್ನೂ ಇರಬಹುದು. ಆದರೆ ಕೂಟದ ಹೆಂಗಸರ ಒಡನಾಟ ಬಿಡಬೇಡಿ. ಅವರಲ್ಲಿ ಗಂಡನ ಕೆಲಸ ಹೋದವರು, ಊರು ಬಿಟ್ಟು ಬಂದವರು ಖಂಡಿತ ಇದ್ದಾರೆ. ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಮಗಳಿಗೆ ಶಾಲೆ, ಟ್ಯೂಷನ್, ಹಳೆಯ ಯೂನಿಫಾರ್ಮು, ಪುಸ್ತಕ, ಇದೆಲ್ಲ ವಿಚಾರಿಸಲು ಅವರಿಗಿಂತ ಒಳ್ಳೆಯ ದಾರಿ ಇಲ್ಲ. ಶಾಲೆಗೆ ಸೇರಿಸಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಗಂಡನಿಗೆ ಮಾತಾಡಬೇಕು ಅನ್ನಿಸಿದರೆ ಅವರೂ ಬರೆಯಲಿ, ಬೈದು ಬರೆದರೂ ಪರವಾಗಿಲ್ಲ.